ಊರು ಮುಟ್ಟಿದ ಹೊಲಿಗೆ

ಬೆಳಗಾವಿಯ ಮಹಾಂತೇಶ ನಗರದ ನಮ್ಮ ಓಣಿಯ ತಿರುವಿನಲ್ಲಿ ಒಂದು ಪಂಕ್ಚರ್ ಅಂಗಡಿ ಇದೆ. ಮೊನ್ನೆ ಸ್ಕೂಟರಿಗೆ ಗಾಳಿ ಹಾಕಿಸಲು ಅಲ್ಲಿ ನಿಂತಿದ್ದೆ. ಅಂಗಡಿಯವರು ಯಾರದೋ ಸೈಕಲ್ಲಿನ ಟ್ಯೂಬನ್ನು ಉಜ್ಜಿ, ಅದರ ಮೇಲೆ ಸೊಲ್ಯೂಷನ್ ಹಚ್ಚಿದರು. ಆ ವಾಸನೆ ನಿಮಗೂ ಗೊತ್ತಿರುತ್ತದೆ. ಮೂಗಿಗೆ ಹತ್ತಿ ಸೀದಾ ತಲೆಗೇರುತ್ತದೆ. ನನಗೆ ಅದು ಬಂದರೆ ನಮ್ಮೂರಿನದೇ ಶಹಾಪುರ ಪೇಟೆಯ ಒಂದು ಪಡಸಾಲೆ ಕಣ್ಣಿಗೆ ಕಟ್ಟುತ್ತದೆ. ಅಲ್ಲೊಂದು ಕೈಮಗ್ಗ, ಅದರ ಬಾಜು ಕಾಲು ಚಾಚಿ ಕುಳಿತು ಸೈಕಲ್ ಟೈರು ಹೊಲಿಯುತ್ತಿದ್ದ ಗಂಗವ್ವ ಕಾಕು. ಕಾಕು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ.

ಟೈರನ್ನು ಯಾರಾದರೂ ಹೊಲಿಯುತ್ತಾರೆಯೇ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ಅದಕ್ಕೂ ಮೊದಲು ನಾನೊಮ್ಮೆ ಸೈಕಲ್ ರೇಸಿನ ಹುಡುಗಿಯಾಗಿದ್ದೆ ಎಂಬುದನ್ನು ನೀವು ನಂಬಬೇಕು. ನನ್ನ ಈಗಿನ ಆಕಾರ ನೋಡಿದವರು ನಂಬುವುದಿಲ್ಲ. ಖರೇ ಹೇಳಬೇಕೆಂದರೆ ಆಗಿನ ಆಕಾರ ನೋಡಿದವರೂ ನಂಬುತ್ತಿರಲಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬೆಳಗಾವಿಯಲ್ಲಿ ಮಾಸ್ತರರೊಬ್ಬರು ಹುಡುಗಿಯರ ಸೈಕಲ್ ತಂಡ ಕಟ್ಟಿದ್ದರು. ತಂಡಕ್ಕೆ ನಾಲ್ವರು ಬೇಕಿತ್ತು, ಮೂವರು ಸಿಕ್ಕಿದ್ದರು, ಆದ್ದರಿಂದ ನಾನು.

ಆ ಮೂವರಲ್ಲಿ ಒಬ್ಬಳು ಕಸ್ತೂರಿ, ಗಂಗವ್ವ ಕಾಕುವಿನ ಒಬ್ಬಳೇ ಮಗಳು. ಅಪ್ಪ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ತಾಯಿ ಸೀರೆ ನೇಯ್ದು ಅವಳನ್ನು ಬೆಳೆಸಿದ್ದಳು. ಕಸ್ತೂರಿ ಸೈಕಲ್ ಹತ್ತಿದರೆ ನೋಡಲು ಚೆಂದ. ಮೈ ಅಲ್ಲಾಡುತ್ತಿರಲಿಲ್ಲ, ಕಾಲಷ್ಟೇ ತಿರುಗುತ್ತಿದ್ದವು. ನಾನು ಹತ್ತಿದರೆ ಕಾಲೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಾಡುತ್ತಿತ್ತು. ದೀಪಾವಳಿ ಮುಗಿದ ಮೇಲೆ ನಮ್ಮ ರೇಸುಗಳು ಶುರುವಾಗಿ ಶಿವರಾತ್ರಿಯ ಹೊತ್ತಿಗೆ ಮುಗಿಯುತ್ತಿದ್ದವು. ಅಷ್ಟೂ ದಿನ ಬೆಳಗಿನ ಥಂಡಿಯಲ್ಲಿ ಖಾನಾಪುರದ ರಸ್ತೆಯೇ ನಮ್ಮ ಸಾಲಿ. ಖಾನಾಪುರದ ಹತ್ತಿರ ಭತ್ತದ ಗದ್ದೆಯ ಬದುವಿನ ಮೇಲೆ ನಿಂತ ಹೆಂಗಸರು ಮರಾಠಿಯಲ್ಲಿ, "ಸಾವಕಾಶ ಜಾ ಗ ಬಾಯಿ!" ಎಂದು ನನಗೆ ಕೂಗಿ ಹೇಳುತ್ತಿದ್ದರು. ಅದಕ್ಕಿಂತ ಸಾವಕಾಶ ಹೋಗುವುದು ನನ್ನಿಂದ ಸಾಧ್ಯವಿರಲಿಲ್ಲ.

ಈಗ ಟೈರಿನ ಮಾತು. ರೇಸಿನ ಸೈಕಲ್ಲಿನ ಟೈರು ಬೇರೆ ಥರದ್ದು. ಕರಿಗಡುಬಿನ ಹೂರಣದಂತೆ ಟ್ಯೂಬು ಅದರ ಹೊಟ್ಟೆಯಲ್ಲೇ ಇರುತ್ತದೆ. ಒಳಬದಿಯನ್ನು ಸುತ್ತಲೂ ಹೊಲಿದು, ಹೊಲಿಗೆಯ ಮೇಲೆ ಬಟ್ಟೆಯ ಪಟ್ಟಿ ಹಚ್ಚಿ, ರಿಮ್ಮಿಗೆ ಅಂಟಿಸಿಬಿಡುತ್ತಾರೆ. ಪಂಕ್ಚರಾದರೆ ಹೊಲಿಗೆ ಬಿಚ್ಚಬೇಕು, ತೇಪೆ ಹಚ್ಚಬೇಕು, ಮತ್ತೆ ಹೊಲಿಯಬೇಕು. ಹೊಲಿಗೆ ಸಡಿಲಾದರೆ ಟೈರು ಉಬ್ಬಿ ಒಡೆಯುತ್ತದೆ, ಇಳಿಜಾರಿನಲ್ಲಿ ಒಡೆದರೆ ತುಳಿಯುವವಳ ಹಲ್ಲು ರಸ್ತೆಯ ಪಾಲು. ಪೇಟೆಯಲ್ಲಿ ಈ ಕೆಲಸ ಯಾರೂ ಮಾಡಿಕೊಡುತ್ತಿರಲಿಲ್ಲ. ನಾಲ್ವರ ಟೈರುಗಳನ್ನೂ ಕಾಕುವೇ ಹೊಲಿಯುತ್ತಿದ್ದಳು. ಎಷ್ಟು ನಿಧಾನವಾಗಿ ಎಂದರೆ ನಾವು ಚುರಮುರಿ ತಿಂದು ಚಹಾ ಕುಡಿದರೂ ಒಂದು ಗೇಣು ಮುಗಿದಿರುತ್ತಿರಲಿಲ್ಲ. ಅವಸರ ಮಾಡಿದರೆ ಹೇಳುತ್ತಿದ್ದಳು: "ಸೀರಿ ಹರದ್ರ ನಾಕ ಮಂದಿ ನಗತಾರ. ಇದು ಹರದ್ರ ನನ್ನ ಮಗಳು ಬೀಳ್ತಾಳವಾ."

ಆ ವರ್ಷದ ಕೊನೆಯ ರೇಸು ಬೆಳಗಾವಿಯಿಂದ ಖಾನಾಪುರದ ಮಲಪ್ರಭೆಯ ಸೇತುವೆ ಮುಟ್ಟಿ ವಾಪಸು ಬರುವುದಾಗಿತ್ತು. ಗೆದ್ದವಳನ್ನು ದೂರದೂರಿನ ತರಬೇತಿ ಶಿಬಿರಕ್ಕೆ ಕರೆಸಿಕೊಳ್ಳುವವರಿದ್ದರು. ಅಲ್ಲಿಯೇ ಇರಬೇಕು, ಮನೆಗೆ ಬರುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ. ಗೆಲ್ಲುವವಳು ಕಸ್ತೂರಿ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಓಣಿಯವರು ಅವಳಿಗೆ ದಾರಿಬುತ್ತಿಯ ಮಾತಾಡತೊಡಗಿದ್ದರು. ಕಾಕು ಮಾತ್ರ ಮಗ್ಗದಿಂದ ತಲೆ ಎತ್ತಲಿಲ್ಲ.

ರೇಸಿಗೆ ವಾರವಿದ್ದಾಗ ಕಸ್ತೂರಿಯ ಹಿಂದಿನ ಗಾಲಿ ಪಂಕ್ಚರಾಯಿತು. ನಾನು ಅಲ್ಲೇ ಇದ್ದೆ.

"ಅವ್ವಾ, ಇಷ್ಟು ಹೊಲದ ಕೊಡ" ಎಂದಳು.

"ಹೊಲಿಯಾಂಗಿಲ್ಲ."

"ಯಾಕ?"

"ನೀ ಹ್ವಾದ್ರ ನಾ ಈ ಮನ್ಯಾಗ ಯಾರ ಜೋಡಿ ಮಾತಾಡ್ಲಿ, ಮಗ್ಗದ ಜೋಡಿನ?"

ಕಸ್ತೂರಿ ಎದ್ದಳು. ಬಿಚ್ಚಿದ ಟೈರನ್ನು ಮಗ್ಗದ ಮೂಲೆಯ ಮೊಳೆಗೆ ಸಿಗಿಸಿ ಹೊರಗೆ ಹೋದಳು. ಅದು ಹಾಗೇ ಅಲ್ಲಿ ತೂಗಾಡಿಕೊಂಡಿತ್ತು. ಅವ್ವ ಮಗಳು ಒಂದೇ ಸೂರಿನಡಿ ಮಾತು ಬಿಟ್ಟುಕೊಂಡು ಇದ್ದರು.

ರೇಸಿನ ಹಿಂದಿನ ದಿನ ಸಂಜೆ ನಾನು ಹೋದಾಗ ಟೈರು ಸಿದ್ಧವಾಗಿತ್ತು. ಹೊಲಿದು, ರಿಮ್ಮಿಗೆ ಅಂಟಿಸಿ, ದೃಷ್ಟಿಯಾಗದಿರಲೆಂದು ಗಾಲಿಯ ಕಡ್ಡಿಗೊಂದು ಕರಿದಾರ ಕಟ್ಟಿ ಕಾಕು ಅದನ್ನು ಗೋಡೆಗೆ ಒರಗಿಸಿದ್ದಳು. ಕಸ್ತೂರಿ ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡು ಟೈರಿನ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದಳು. ಅವ್ವ ಹೊಲಿದದ್ದನ್ನು ಅವಳು ಹಾಗೆ ಹಿಂದೆಂದೂ ನೋಡಿದವಳಲ್ಲ. ಅಡುಗೆಮನೆಯ ಬಾಗಿಲಲ್ಲಿ ಕಾಕು ನಿಂತಿದ್ದಳು.

"ಏನ್ ನೋಡಾಕತ್ತಿ?"

"ಏನಿಲ್ಲ."

ಕಾಕು ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತಳು. ನನಗೆ ಅಲ್ಲಿ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

ಮರುದಿನ ರೇಸು ಹೊರಡುವ ಜಾಗದಲ್ಲಿ ಕಸ್ತೂರಿ ನನ್ನನ್ನು ಬದಿಗೆ ಕರೆದಳು. "ನಿನ್ನ ಹಿಂದಿನ ಗಾಲಿ ನನಗ ಕೊಡ. ನಂದು ನೀ ಹಾಕ್ಕೋ. ಅವ್ವ ಸಿಟ್ಟಿನ್ಯಾಗ ಹೊಲದಾಳ."

"ನಾ ಬಿದ್ರ?"

"ನೀ ಬೀಳುವಷ್ಟು ಜೋರ ಯಾವಾಗ ಹೋಗೀದಿ?"

ನಾನು ಬಗ್ಗಿ ಗಾಲಿ ಬಿಚ್ಚತೊಡಗಿದೆ. ನಾನು ಹೆಚ್ಚು ತುಳಿಯದಿದ್ದುದರಿಂದ ನನ್ನ ಹಿಂದಿನ ಟೈರು ಹೊಸದರಂತೆ ಇತ್ತು, ತಂಡದಲ್ಲಿ ಅದೊಂದನ್ನು ಮಾತ್ರ ಕಾಕು ಒಮ್ಮೆಯೂ ಬಿಚ್ಚಿ ಹೊಲಿದಿರಲಿಲ್ಲ. ಗಾಲಿ ಬದಲಾದವು. ಕರಿದಾರವನ್ನು ಬಿಚ್ಚಲು ಇಬ್ಬರಿಗೂ ನೆನಪಾಗಲಿಲ್ಲ.

ನಾನಿನ್ನೂ ಖಾನಾಪುರ ಕಾಣುವ ಮೊದಲೇ ಅವಳು ಸೇತುವೆ ಮುಟ್ಟಿ ಎದುರು ಬಂದಳು. ಎಲ್ಲರಿಗಿಂತ ಮುಂದಿದ್ದಳು, ನನ್ನ ಕಡೆ ಒಂದು ಕೈ ಎತ್ತಿ ಹಾರಿಹೋದಳು. ನಾನೂ ಸೇತುವೆ ಮುಟ್ಟಿ ತಿರುಗಿ, ಏದುಸಿರು ಬಿಡುತ್ತಾ ದೇಸೂರಿನ ಹತ್ತಿರ ಬಂದಾಗ ರಸ್ತೆಯ ಬದಿಯಲ್ಲಿ ಕಸ್ತೂರಿ ನಿಂತಿದ್ದಳು. ಹಿಂದಿನ ಗಾಲಿ ನೆಲಕ್ಕೆ ಕೂತಿತ್ತು. ಅವಳ ಅಂಗೈಯಲ್ಲಿ ಎತ್ತಿನ ಲಾಳದ ಒಂದು ಮೊಳೆ.

ನಾನು ಕೆಳಗಿಳಿದು ಗಾಲಿ ಬಿಚ್ಚಲು ಬಗ್ಗಿದೆ. "ತಗೋ, ಇದನ್ನ ಹಾಕ್ಕೊಂಡು ಹೋಗು."

"ಇನ್ನ ಯಾತಕ್ಕ? ಎಲ್ಲಾರೂ ಮುಂದ ಹೋದ್ರು." ಅವಳ ಕಣ್ಣು ಗಾಲಿಯ ಕರಿದಾರದ ಮೇಲಿತ್ತು. "ನೀ ನಡಿ. ಆ ಹೊಲಿಗಿನರ ಊರು ಮುಟ್ಟಲಿ."

ಆವತ್ತು ನಾನು ಜೀವಮಾನದಲ್ಲಿ ಮೊದಲ ಸಲ ಮೈಮುರಿದು ತುಳಿದೆ. ಪೀರನವಾಡಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಟೈರು ಒಡೆದರೆ ಒಡೆಯಲಿ ಎಂಬ ಹಟವಿತ್ತು, ಒಡೆಯಬಾರದು ಎಂಬ ಪ್ರಾರ್ಥನೆಯೂ ಇತ್ತು. ಅಷ್ಟಾದರೂ ಬಂದದ್ದು ಕೊನೆಯವಳಾಗಿ, ಆ ಮಾತು ಬೇರೆ.

ರೇಸು ನೋಡಲು ಎಂದೂ ಬಾರದ ಗಂಗವ್ವ ಕಾಕು ಆವತ್ತು ಬಂದಿದ್ದಳು. ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಗೆರೆಯ ಬದಿಯಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು, ಆಮೇಲೆ ಗಾಲಿ ನೋಡಿದಳು. ಕರಿದಾರವನ್ನು ಬೆರಳಿಂದ ಮುಟ್ಟಿದಳು. ಗಾಲಿ ಬದಲಾದದ್ದು ಅವಳಿಗೆ ತಿಳಿದುಹೋಯಿತು.

"ಹೊಲಿಗಿ ಹಿಡೀತೇನವಾ?"

"ಹಿಡೀತ್ರಿ, ಕಾಕು."

"ಅಷ್ಟ ಸಾಕು."

ಸ್ವಲ್ಪ ಹೊತ್ತಿಗೆ ಕಸ್ತೂರಿ ಸೈಕಲ್ ಸಮೇತ ಒಂದು ಟೆಂಪೋದಿಂದ ಇಳಿದಳು. ಅವ್ವನನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಕಾಕುವೇ ಹತ್ತಿರ ಹೋಗಿ ಸೆರಗಿನಿಂದ ಅವಳ ಮುಖ ಒರೆಸಿ, ಸೈಕಲ್ಲಿನ ಕಡೆ ಕೈ ಚಾಚಿದಳು. "ತಾ, ಬಿಚ್ಚಿ ಕೊಡ. ಹೊಲೀತೀನಿ" ಎಂದಳು. ಕಸ್ತೂರಿ ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಮುಂದಿನ ವರ್ಷಕ್ಕೆ ಶಿಬಿರದ ವಯಸ್ಸು ಅವಳಿಗೆ ಮೀರಿತ್ತು. ತಂಡವೂ ಉಳಿಯಲಿಲ್ಲ. ಸೈಕಲ್ಲುಗಳನ್ನು ಮಾಸ್ತರರಿಗೆ ಒಪ್ಪಿಸುವಾಗ ಕರಿದಾರದ ಗಾಲಿಯ ಆ ಒಂದು ಟೈರನ್ನು ನಾನು ಕೇಳಿ ಇಟ್ಟುಕೊಂಡೆ. ಕಸ್ತೂರಿ ಸಾಲಿಯಲ್ಲಿ ಆಟದ ಟೀಚರಾದಳು, ಅವ್ವನ ಜೊತೆಗೇ ಉಳಿದಳು. ಕಾಕುವಿಗೆ ಬೇಕಾಗಿದ್ದದ್ದೂ ಅದೇ, ಆದರೆ ಹೀಗೆ ಬೇಕಾಗಿರಲಿಲ್ಲ. ಆ ಬೆಳಗಿನ ಮಾತನ್ನು ಅವರಿಬ್ಬರೂ ಎಂದೂ ಎತ್ತಲಿಲ್ಲವಂತೆ.

ಮೊನ್ನೆ ಪಂಕ್ಚರ್ ಅಂಗಡಿಯಿಂದ ಮನೆಗೆ ಬಂದವಳೇ ಅಟ್ಟ ಹತ್ತಿ ಟೈರು ಇಳಿಸಿದೆ. ಕಾಕು ತೀರಿಕೊಂಡಾಗ ಕಸ್ತೂರಿಯನ್ನು ಮಾತಾಡಿಸಲು ಹೋಗಿ ಸುಮ್ಮನೆ ಕುಳಿತು ಎದ್ದು ಬಂದಿದ್ದೆ. ಈ ಸಲ ಟೈರನ್ನು ಚೀಲದಲ್ಲಿ ಹಾಕಿಕೊಂಡು ಶಹಾಪುರಕ್ಕೆ ಹೋದೆ. ಕಸ್ತೂರಿ ಅದನ್ನು ತೊಡೆಯ ಮೇಲಿಟ್ಟುಕೊಂಡಳು. ರಬ್ಬರು ಒಣಗಿ ಬಿರುಕು ಬಿಟ್ಟಿತ್ತು, ಹೊಲಿಗೆಯ ಮೇಲಿನ ಪಟ್ಟಿ ಮುಟ್ಟಿದ ಕೂಡಲೇ ಕಳಚಿ ಬಂತು. ಕೆಳಗೆ ಹೊಲಿಗೆ ಹಾಗೇ ಇತ್ತು, ಒತ್ತೊತ್ತಾಗಿ, ನಾಲ್ಕು ಹೊಲಿಗೆಗೊಂದು ಗಂಟು. ಅವಳು ಆವತ್ತಿನ ಹಾಗೆಯೇ ಹೆಬ್ಬೆರಳು ಒತ್ತುತ್ತಾ ಟೈರನ್ನು ಪೂರ್ತಿ ಒಂದು ಸುತ್ತು ತಿರುಗಿಸಿದಳು.

"ಒಂದ ಕಡೆನೂ ಬಿಟ್ಟಿಲ್ಲ" ಎಂದಳು. ಕಳಚಿದ ಪಟ್ಟಿಯನ್ನು ಮತ್ತೆ ಹೊಲಿಗೆಯ ಮೇಲೆ ಒತ್ತಿ ಕೂರಿಸುತ್ತಾ ಹೇಳಿದಳು: "ಅವತ್ತ ಅಕಿ ಮಾರಿ ನೋಡಿದ್ರ ಸಾಕಾಗಿತ್ತು. ನಾ ಟೈರ ನೋಡಿದೆ."

ನಾನು ಟೈರನ್ನು ಮತ್ತೆ ಚೀಲಕ್ಕೆ ಹಾಕಲು ಕೈ ಚಾಚಿದೆ. ಅವಳು ಕೊಡಲಿಲ್ಲ. ಎದ್ದು ಹೋಗಿ ಮಗ್ಗದ ಮೂಲೆಯ ಅದೇ ಮೊಳೆಗೆ ಅದನ್ನು ಸಿಗಿಸಿ, ಚಹಾ ಇಡಲು ಒಳಗೆ ಹೋದಳು.