ಕುಲುಮೆಗೆ ಬಿದ್ದ ಟೈಟಾನಿಯಂ

ಗಜೇಂದ್ರಗಡದಲ್ಲಿ ನಮ್ಮಪ್ಪನ ಕುಲುಮೆ ಇತ್ತು. ನೇಗಿಲ ಕುಡ ಹದ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಮುಶಿಗೇರಿಯ ರೈತರು ಹೇಳುತ್ತಿದ್ದರು. ಅವನೂ ಅದನ್ನು ಗಟ್ಟಿಯಾಗಿ ನಂಬಿದ್ದ. ತಿದಿ ಒತ್ತುವವಳು ನಾನು. ಐವತ್ತರ ದಶಕ ಮುಗಿಯುತ್ತ ಬಂದಾಗ ನನ್ನನ್ನು ನೋಡಲು ನರಗುಂದದಿಂದ ಒಂದು ವರ ಬಂತು.

ಅವರು ದೂರದ ಊರಲ್ಲಿ ಜೆಟ್ ವಿಮಾನದ ಇಂಜಿನ್ ಕೆಲಸಕ್ಕಿದ್ದರು. ಚಹಾ ಕೊಡುವಾಗ ತಿದಿ ಒತ್ತಿ ಒತ್ತಿ ನನ್ನ ಅಂಗೈಯಲ್ಲಿ ಬಿದ್ದ ದಡ್ಡು ಕಂಡು ನಕ್ಕು, ತಮ್ಮ ಅಂಗೈ ತೋರಿಸಿದರು. ಅಲ್ಲೂ ದಡ್ಡು! ನಾನು ಆಗಲೇ ಸೋತುಹೋದೆ.

ಅಪ್ಪ ಕೆಲಸದ ವಿಚಾರ ಕೇಳಿದ. ಅವರು ಜೇಬಿನಿಂದ ಬೆರಳುದ್ದದ ಬೂದು ಅಲಗೊಂದನ್ನು ತೆಗೆದರು.

"ಟೈಟಾನಿಯಂ ಅಂತಾರ್ರಿ ಮಾವಾರ. ಹೊರದೇಶದಿಂದ ಮಾದರಿಗೆ ಬಂದಿತ್ತು, ತುದಿ ಮುರದದ್ದಕ್ಕ ನನಗ ಕೊಟ್ರು. ಇಂಥಾವು ಭಾಳ ಕೂಡಿಸಿ ಚಕ್ರ ಮಾಡ್ತಾರ. ಅದು ತಿರಗಿ ಗಾಳಿ ಒತ್ತಿ ಒಳಗಿನ ಬೆಂಕಿಗೆ ಕಳಸ್ತೈತಿ. ನಿಮ್ಮ ತಿದಿ ಮಾಡೋ ಕೆಲಸಾನ."

ಅಪ್ಪ ಅಲಗನ್ನು ಅಂಗೈಯಲ್ಲೇ ತೂಗಿದ. ಕಬ್ಬಿಣದ ತೂಕದ ಅರ್ಧಕ್ಕಿಂತ ಚೂರು ಹೆಚ್ಚು, ಅಷ್ಟೇ. ಅವನ ಮುಖ ಗಂಟಿಕ್ಕಿತು.

"ಇದು ಜರ್ಮನ್ ಐತಿ, ತಮ್ಮಾ. ಬೆಂಕ್ಯಾಗ ನಿಲ್ಲಂಗಿಲ್ಲ. ಇದು ಕರಗಿದ್ರ ನಮ್ಮ ಮಾತೂ ಇಲ್ಲಿಗೇ ಮುಗೀತು. ಲೋಹ ತಿಳೀದವಗ ಮಗಳನ್ನ ಕೊಡಂಗಿಲ್ಲ."

ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಅನ್ನುತ್ತಿದ್ದರು. ಅಪ್ಪ ಒಂದು ಒಡಕು ಜರ್ಮನ್ ಬೋಗುಣಿಯ ಚೂರನ್ನೂ ಆ ಅಲಗನ್ನೂ ಕೆಂಡದಲ್ಲಿಟ್ಟು, "ಒತ್ತ ಯವ್ವಾ" ಎಂದ.

ನಾನು ಒತ್ತಿದೆ, ಆದರೆ ಮೆತ್ತಗೆ. ಕೈಗೆ ಶಕ್ತಿಯೇ ಇಲ್ಲದವಳ ಹಾಗೆ. ಹದಿನೆಂಟು ವರ್ಷದಲ್ಲಿ ಅಪ್ಪನಿಗೆ ನಾನು ಮಾಡಿದ ಮೋಸ ಅದೊಂದೇ.

"ಹಿಂಗ ಒತ್ತಿದ್ರ ಖರೇ ತಿಳಿಯಂಗಿಲ್ರಿ, ಜೋರ ಒತ್ತ್ರಿ" ಎಂದರು ವರ. ಅವರು ನನ್ನೊಂದಿಗೆ ಆಡಿದ ಮೊದಲ ಮಾತು! ಸಿಟ್ಟು ನೆತ್ತಿಗೇರಿತು. ನಾನು ಯಾರಿಗಾಗಿ ಮೆತ್ತಗೆ ಒತ್ತುತ್ತಿದ್ದೆನೋ ಅವರೇ ಹೀಗೆಂದರೆ? ಭುಜ ಬೀಳುವಂತೆ ಒತ್ತಿದೆ.

ಬೋಗುಣಿಯ ಚೂರು ಕುಸಿದು ಕೆಂಡದೊಳಗೆ ಇಳಿದುಹೋಯಿತು. ಅಲಗು ಕೆಂಪಾಯಿತು, ಕಿತ್ತಳೆಯಾಯಿತು, ಆದರೆ ಅಂಚು ಕೂಡ ಕರಗಲಿಲ್ಲ. ಅಪ್ಪ ಇಕ್ಕಳದಿಂದ ಎತ್ತಿ ಕಬ್ಬಿಣ ಬಡಿಯುವ ಅಡೆಗಲ್ಲ ಮೇಲಿಟ್ಟ. ಆರಿದ ಮೇಲೆ ಅದರ ಬುಡದಲ್ಲಿ ನೀಲಿ, ನೇರಳೆ ಬಣ್ಣ ಮೂಡಿತ್ತು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಆದ್ರ ಮಾವಾರ, ನಿಮ್ಮ ಮಾತು ಪೂರಾ ತಪ್ಪಲ್ರಿ" ಎಂದರು ವರ. "ಬಿಸಿಯೊಳಗ ಗಟ್ಟಿ ಇರ್ಲಿ ಅಂತ ಇದಕ್ಕ ಒಂದೀಟು ಜರ್ಮನ್ ಕೂಡಸಿರ್ತಾರ."

"ಹಂಗಾರ ನನ್ನ ಅಂಗೈ ಸುಳ್ಳ ಹೇಳ್ಲಿಲ್ಲ!" ಅಪ್ಪ ತೊಡೆ ತಟ್ಟಿ ನಕ್ಕ. "ಸಕ್ರಿ ತರ್ರೆಲೇ!"

ಮಾತು ಗಟ್ಟಿಯಾಯಿತೆಂದು ಸಕ್ಕರೆ ಹಂಚಿದರು. ಲಗ್ನವಾಯಿತು. ಬಯಲು ಬೆಂಕಿಯಲ್ಲಿ ಕಾಯಿಸಿದರೆ ಆ ಲೋಹ ಗಾಳಿ ಕುಡಿದು ಪೆಡಸಾಗುತ್ತದೆ, ಮತ್ತೆ ಇಂಜಿನ್ನಿಗೆ ಬರುವುದಿಲ್ಲ ಎಂದು ಅವರು ಆಮೇಲೆ ಹೇಳಿದರು.

"ಹಂಗಿದ್ರ ಜೋರ ಒತ್ತ ಅಂತ ಯಾಕ ಅಂದ್ರಿ? ನಾ ಅದನ್ನ ಉಳಸಾಕ ಹತ್ತಿದ್ನಲ್ಲಾ!"

"ಅದಕ್ಕ. ನೀ ಮೆತ್ತಗ ಒತ್ತಿದಾಗನ ಕನ್ಯಾ ಒಪ್ಪ್ಯಾಳ ಅಂತ ತಿಳೀತು. ಇನ್ನ ನಿಮ್ಮಪ್ಪ ಒಪ್ಪೋದೊಂದ ಉಳದಿತ್ತು."