ಗುರುಪಾದನ ಹೆಸರಿನಲ್ಲಿ ಆ ಕಳ್ಳಿಬೇಲಿ ಕೀಳಬೇಡಿ

ಇಲ್ಲ... ನಾನು ನಂಬುವುದಿಲ್ಲ.
ಗುರುಪಾದ ಹೋದ ಎಂದವರಿಗೆ "ಯಾವ ಗುರುಪಾದ?" ಎಂದು ಮತ್ತೆ ಮತ್ತೆ ಕೇಳಿದೆ.
ಮಣಿನಗರ ಸ್ಟೇಷನ್ನಿನಲ್ಲಿ ನಿಂತು, ಕಂಪನಿ ನಾಟಕಗಳಲ್ಲಿ ಪಳಗಿದ ಈ ಗಂಟಲಿನಲ್ಲಿ ಕೇಳಿದೆ...
ಚಹಾ ಮಾರುವವನು ಕೆಟಲ್ ಕೆಳಗಿಟ್ಟು ನನ್ನನ್ನೇ ನೋಡಿದ.

ನಮ್ಮ ವಡೋದರಾದ ಗುರುಪಾದ.
ಇನ್ಶೂರೆನ್ಸ್ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವ.
ಬೈಲಹೊಂಗಲದ ಕಡೆಯಿಂದ ಟ್ರಾನ್ಸ್‌ಫರ್ ಮೇಲೆ ಬಂದು, ರಿಟೈರ್ ಆದಮೇಲೂ ಅಲ್ಲಿನ ಗೋರ್ವಾ ಬಡಾವಣೆಯಲ್ಲೇ ಉಳಿದವ.
ಬೆಳಿಗ್ಗೆ ಎದೆನೋವು... ಆಸ್ಪತ್ರೆ ತಲುಪುವುದರೊಳಗೆ ತೆರೆ ಬಿತ್ತು.

ಈಗ ವಡೋದರಾದ ಟ್ರೇನಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.
ಅಳು ಬರಬೇಕಿತ್ತು...
ಬರುತ್ತಿರುವುದು ಸಿಟ್ಟು.

ಕಾರಣ ಹೇಳುತ್ತೇನೆ. ಪೂರ್ತಿ ಓದಿ. ಕೈಮುಗಿದ ಇಮೋಜಿ ಹಾಕಿ ಮುಂದೆ ಹೋಗಬೇಡಿ.

ಸುದ್ದಿ ಬಂದು ಇನ್ನೂ ಹೆಣ ಮನೆಗೆ ಬಂದಿರಲಿಲ್ಲ...
ನಮ್ಮ ಕನ್ನಡ ಬಳಗದ ಗ್ರೂಪಿನಲ್ಲಿ ಕಾರ್ಯದರ್ಶಿಗಳ ಮೆಸೇಜ್ ಬಂತು.
"ಪರಿಸರಪ್ರೇಮಿ ಗುರುಪಾದ ಅವರ ನೆನಪಿಗೆ ಭಾನುವಾರ ಸಸಿ ನೆಡೋಣ. ಅವರು ದಿನಾ ಹೋಗುತ್ತಿದ್ದ ಬೇಲಿಯ ಜಾಗವನ್ನೇ ಕ್ಲೀನ್ ಮಾಡಿಸೋಣ. ಸೊಸೈಟಿಯವರು ಜೆಸಿಬಿ ಕೊಡುತ್ತಾರೆ. ಎಲ್ಲರೂ ಬಿಳಿ ಟಿ-ಶರ್ಟ್."
ಕೆಳಗೆ ಚಪ್ಪಾಳೆಯ ಸುರಿಮಳೆ.

ಬೇಲಿಯ ಜಾಗವನ್ನೇ.
ಅದನ್ನೇ.

ಆ ಬೇಲಿ ಎಂಥದ್ದು ಅಂತ ಗೊತ್ತಿಲ್ಲದವರು ಕೇಳಿ.
ಗೋರ್ವಾ ದಾಟಿ ಊರು ಮುಗಿಯುವಲ್ಲಿ, ನದಿಯ ಕಡೆ ಮುಳ್ಳುಗಿಡ ತುಂಬಿದ ಒಂದು ಕೊರಕಲು.
ಹೊಲಗಳ ಆಚೆ, ಬೇವು ಬೋರೆ ಬೆಳೆದ ಒಂದು ಹಳೆಯ ಗೋಮಾಳ.
ನಡುವೆ ಎರಡು ಹೊಲಗಳ ಗಡಿಗೆ ಯಾರೋ ಮುತ್ತಜ್ಜ ಹಾಕಿದ ಕಳ್ಳಿಬೇಲಿ... ಬಳ್ಳಿ, ಕಂಟಿ, ಹುತ್ತ ಎಲ್ಲ ಸೇರಿ ಆಳೆತ್ತರ ಬೆಳೆದಿದೆ.
ಒಂದು ಕಡೆಯ ಹೊಲದಲ್ಲಿ ಈಗ ಈ ಸೊಸೈಟಿಯವರ ಅಪಾರ್ಟ್‌ಮೆಂಟು ಎದ್ದಿದೆ.
ಕೊರಕಲಿನಿಂದ ಗೋಮಾಳಕ್ಕೆ ಜೀವಜಂತು ಹೋಗಿಬರುವುದಕ್ಕೆ ಉಳಿದಿರುವುದು ಆ ಬೇಲಿ ಒಂದೇ.

ನನಗೂ ಮೊದಲು ತಿಳಿದಿರಲಿಲ್ಲ.
"ಆ ಕಡೆ ಹಸಿರೈತಿ, ಈ ಕಡೆ ಹಸಿರೈತಿ. ನಡುವಿನ ಮುಳ್ಳು ಹೋದ್ರ ಏನಪಾ?" ಅಂದಿದ್ದೆ.
ಗುರುಪಾದ ನಕ್ಕ.
"ಲೇ ರಾಘ್ಯಾ, ಇಷ್ಟು ನಾಟಕ ಮಾಡ್ಸೀದಿ. ಸೈಡ್ ವಿಂಗ್ ಕಿತ್ತ ಒಗದ್ರ ನಿನ್ನ ರಾಜಾ ಎಲ್ಲಿಂದ ಬರಬೇಕೋ? ಪ್ರೇಕ್ಷಕರ ತಲಿ ಮ್ಯಾಲೆ ಹಾಯ್ದು ಬರತಾನೇನು?"

ನರಿಗೆ, ಉಡಕ್ಕೆ, ಪುನುಗು ಬೆಕ್ಕಿಗೆ ಆ ಬೇಲಿಯೇ ಸೈಡ್ ವಿಂಗ್, ಮರೆಯಲ್ಲಿ ಬಂದುಹೋಗುವ ದಾರಿ.
ಅದು ಹೋದರೆ ಉಳಿಯುವುದು ಎರಡು ಕಾಡಲ್ಲ... ಹಸಿರು ಬಣ್ಣದ ಎರಡು ಜೈಲು.
ಒಳಗಿದ್ದದ್ದು ಜೋಡಿ ಸಿಗದೆ ಸಾಯುತ್ತದೆ. ಹೊರಗೆ ಬಂದದ್ದು ರಸ್ತೆಯಲ್ಲಿ ಅಪ್ಪಚ್ಚಿ.

ಗುರುಪಾದ...
ನೀನು ದಿನಾ ಸಂಜೆ ಕಸಬರಿಗೆ ಹಿಡಿದು ಹೊರಡುತ್ತಿದ್ದೆಯಲ್ಲ.
ಬೇಲಿಗೆ ಅಡ್ಡ ಬರುವ ಬಂಡಿದಾರಿಯ ಮಣ್ಣನ್ನು ನಯವಾಗಿ ಗುಡಿಸಿ ಬರುತ್ತಿದ್ದೆ.
ಬೆಳಿಗ್ಗೆ ಹೋಗಿ, ಅಲ್ಲಿ ಬಿದ್ದ ಹೆಜ್ಜೆಗಳನ್ನು ಪೇಪರ್ ಓದಿದಂತೆ ಓದುತ್ತಿದ್ದೆ.
ಸೊಸೈಟಿಯ ಹುಡುಗರು "ಝಾಡೂ ಅಂಕಲ್" ಅಂದರು. ನೀನು ಟಾಟಾ ಮಾಡಿದೆ.
"ಸಾಪ್ ಆವೇ ಛೇ, ಅಂಕಲ್" ಎಂದು ಹೆಂಗಸರು ಹೆದರಿ ಬಂದಾಗ, "ಬೇಲಿ ಇರೋದಕ್ಕ ಹಾವು ಅಲ್ಲೈತಿ ತಾಯಿ. ಕಿತ್ತರ ನಿಮ್ಮ ಪಾರ್ಕಿಂಗಿಗೆ ಬರತೈತಿ" ಎಂದು ನಿನ್ನ ಹರಕು ಗುಜರಾತಿಯಲ್ಲೇ ಒಪ್ಪಿಸಿದೆ.

ಕಳೆದ ವರ್ಷ ಸೊಸೈಟಿಯವರು ವಾಕಿಂಗ್ ಟ್ರ್ಯಾಕ್‌ಗೆಂದು ಬೇಲಿಯ ನಡುವೆ ಒಂದು ಹರಕು ಮಾಡಿದರು.
ನೀನು ಜಗಳಾಡಿ ನಿಲ್ಲಿಸಿದೆ.
ಆಮೇಲೆ ಬೋರೆಯ ಮುಳ್ಳು ಹೊತ್ತು ತಂದು, ಕೈಯೆಲ್ಲ ರಕ್ತ ಮಾಡಿಕೊಂಡು, ಆ ಹರಕಿಗೆ ಒಟ್ಟಿದೆ.
ಎಷ್ಟೋ ದಿನ ಮಣ್ಣು ಖಾಲಿ...
ಒಂದು ಬೆಳಿಗ್ಗೆ ನಿನ್ನ ಫೋನು.
"ಬಂತಲೇ... ಪುನುಗು ಬಂತು. ಮುಳ್ಳಿನ ಬುಡದಾಗ ಹಾಯ್ದು ಹೋಗೇತಿ."
ಮಗಳ ಮದುವೆಯಲ್ಲೂ ನಿನ್ನ ದನಿ ಹಾಗೆ ನಡುಗಿರಲಿಲ್ಲ.

ಆ ಬೇಲಿಯನ್ನು ಕಿತ್ತು, ಅಲ್ಲಿ ನರ್ಸರಿಯ ಸಸಿ ನೆಟ್ಟು, ಸುತ್ತ ಕಬ್ಬಿಣದ ಪಂಜರ ಹಾಕಿ, ನಿನ್ನ ಹೆಸರಿನ ಬೋರ್ಡು ತಗುಲಿಸುತ್ತಾರಂತೆ.
ನೀನು ಬದುಕಿದ್ದಾಗ ಸೊಸೈಟಿಗೆ ಆಗದ ಕೆಲಸವನ್ನು, ನಿನ್ನ ಸಾವಿನ ನೆಪದಲ್ಲಿ ನಿನ್ನವರೇ ಮಾಡಿಕೊಡುತ್ತಾರಂತೆ.
ಅದೂ ಪ್ರೀತಿಯಿಂದ.

ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ.
"ರಾಘವೇಂದ್ರ ಅವರೇ, ಗಿಡ ನೆಡೋದು ಪುಣ್ಯದ ಕೆಲಸ. ಇದರಾಗೂ ನೀವು ಡೈಲಾಗ್ ಹೊಡೀತೀರಲ್ರೀ."
ಹೌದು ಸ್ವಾಮಿ, ಹೊಡೆಯುತ್ತೇನೆ. ನನಗೆ ಬರುವುದು ಅದೊಂದೇ.

ಆಮೇಲೆ ಗುರುಪಾದನ ಹೆಂಡತಿ ವಿಜಯಾ ವೈನಿಗೆ ಫೋನ್ ಮಾಡಿದೆ. ಅವರು ಅಳುತ್ತಿರಲಿಲ್ಲ.
"ರಾಘಣ್ಣ, ಮೆಸೇಜ್ ಓದಿದೆ. ಅವರ ಹೆಸರ್ಲೆ ಒಂದು ಕಂಟಿ ಸುದ್ದಾ ಕೀಳಾಕ ಬಿಡಬ್ಯಾಡ್ರಿ. ಕಸಬರಿಗಿ ಬಾಗಲ ಹಿಂದ ಐತಿ. ನಿನ್ನಿ ಸಂಜಿಕೂ ಗುಡಿಸಿ ಬಂದಾರ. ಏನ್ ಬಂದೈತೋ ಯಾರೂ ನೋಡಿಲ್ಲ... ನೀವರ ಹೋಗಿ ನೋಡ್ರಿ."

ಆದ್ದರಿಂದ ಬಳಗದ ಎಲ್ಲರಿಗೂ ಹೇಳುತ್ತಿದ್ದೇನೆ.
ಆ ಬೋರ್ಡಿನ ಮೇಲೆ ಅವನ ಹೆಸರು ಬರೆಯಲು ಅವನ ಮನೆಯವರ ಒಪ್ಪಿಗೆ ಇಲ್ಲ.
ಭಾನುವಾರ ಬನ್ನಿ, ಖಂಡಿತ ಬನ್ನಿ. ಸಸಿ ತರಬೇಡಿ. ಫ್ಲೆಕ್ಸ್ ತರಬೇಡಿ.
ಸೊಸೈಟಿಯ ಜೆಸಿಬಿ ಬರುವ ಮೊದಲು ಬಂದು, ಬೇಲಿಯ ಮುಂದೆ ಸಾಲಾಗಿ ನಿಲ್ಲಿ.
ಬಿಳಿ ಟಿ-ಶರ್ಟ್ ಹಾಕಿಕೊಂಡೇ ನಿಲ್ಲಿ, ಬೇಡ ಎನ್ನುವುದಿಲ್ಲ.
ಕಸಬರಿಗೆ ನನ್ನ ಕೈಯಲ್ಲಿರುತ್ತದೆ.

ಇಳಿದವನೇ ಮೊದಲು ನಿನ್ನ ಮುಖ ನೋಡುತ್ತೇನೆ, ಗುರುಪಾದ...
ಆಮೇಲೆ, ಗಾಳಿ ಅಳಿಸುವ ಮೊದಲು, ಆ ಮಣ್ಣು ನೋಡುತ್ತೇನೆ.
ನಿನ್ನೆ ಯಾರು ದಾಟಿದರು ಅಂತ ನಿನ್ನ ಕಿವಿಯಲ್ಲಿ ಹೇಳಿಯೇ ಕಳಿಸುತ್ತೇನೆ.

ನಡುವೆ ಎಲ್ಲೂ ತುಂಡಾಗದ ದಾರಿ ನಿನಗೆ ಸಿಗಲಿ.
ನೆಮ್ಮದಿಯಿಂದ ದಾಟು, ಗೆಳೆಯಾ...