ಮಿರ್ಲೆಯಿಂದ ಬರುವಾಗ ಉರಿಯುವ ಲೈಟು

ಹುಣಸೂರಿನ ನನ್ನ ಗ್ಯಾರೇಜಿಗೆ ಬಿಳಿಕೆರೆ ಕಡೆಯ ಗಂಡಹೆಂಡತಿ ಕಾರು ತಂದರು. ಬ್ರೇಕಿನಲ್ಲಿ ದೋಷವಿದೆ ಎಂದು ಎಚ್ಚರಿಸುವ ಎಬಿಎಸ್ ಲೈಟು ಆಗಾಗ ಉರಿಯುತ್ತದಂತೆ. ಅದೂ ಹೆಂಡತಿಯ ತವರು ಮಿರ್ಲೆಯಿಂದ ಬರುವಾಗ ಮಾತ್ರ.

"ಓಗೋವಾಗ ಇಲ್ಲ ಕಣಣ್ಣ. ಬ್ರೇಕಿನ ವಿಚಾರ ನೋಡಿ, ಅದ್ಕೇ ಆ ಕಡೆ ಓಗೋದೇ ಬುಟ್ಟಿವ್ನಿ," ಎಂದರು ಗಂಡ.

"ನಾಕು ತಿಂಗಳಾಯ್ತು," ಎಂದರು ಹೆಂಡತಿ.

ಕಾರಿಗೆ ಊರು ಗೊತ್ತಾಗುವುದಿಲ್ಲ. ಹಾಗಂತ ಗಿರಾಕಿಯ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಸ್ಕ್ಯಾನರ್ ಹಾಕಿದರೆ ಹಿಂದಿನ ಎಡಚಕ್ರದ ಸೆನ್ಸರ್ ಎಂದು ತೋರಿಸಿತು. ಬಿಚ್ಚಿ ನೋಡಿದರೆ ಸೆನ್ಸರ್ ಚೆನ್ನಾಗಿಯೇ ಇತ್ತು. ಒಂದು ಸುತ್ತು ಓಡಿಸಿದರೂ ಲೈಟು ಬರಲಿಲ್ಲ.

"ಬರುವಾಗ ಡಿಕ್ಕಿಯಲ್ಲಿ ಏನಿರುತ್ತೆ ಅಕ್ಕಾ?" ಎಂದು ಕೇಳಿದೆ.

"ಎರಡು ಮೂಟೆ ಅಕ್ಕಿ, ತೆಂಗಿನಕಾಯಿ, ಬೆಲ್ಲ. ನಮ್ಮವ್ವ ಯಾವತ್ತು ಬರಿಗೈಲಿ ಕಳ್ಸವ್ಳೆ?"

ಪಕ್ಕದ ಅಂಗಡಿಯಿಂದ ಎರಡು ಮೂಟೆ ಹಿಂಡಿ ತಂದು ಡಿಕ್ಕಿಗೆ ಹಾಕಿ ಹೊರಟೆ. ಮೊದಲ ಹಂಪ್ ದಾಟುವಾಗಲೇ ಲೈಟು ಉರಿಯಿತು. ಇಳಿದು ಬಗ್ಗಿ ನೋಡಿದರೆ, ಹಿಂದೊಮ್ಮೆ ರಿಪೇರಿ ಮಾಡಿದ ಯಾರೋ ಸೆನ್ಸರ್ ವೈರನ್ನು ಬಿಗಿಯಾಗಿ ಕಟ್ಟಿದ್ದರು. ಭಾರಕ್ಕೆ ಕಾರು ಕುಗ್ಗಿದಾಗ ವೈರು ಜಗ್ಗಿ, ಒಳಗಿನ ತಂತಿ ಬಿಟ್ಟುಕೊಳ್ಳುತ್ತಿತ್ತು. ಬೇರೆ ವೈರು ಹಾಕಿ ಸಡಿಲವಾಗಿ ಕಟ್ಟಿ, ಅದೇ ಮೂಟೆಗಳ ಜೊತೆ ಮತ್ತೆ ಓಡಿಸಿದೆ. ಲೈಟು ಬರಲಿಲ್ಲ.

"ಸರಿಹೋಯ್ತು, ಇನ್ನು ಧೈರ್ಯವಾಗಿ ಮಿರ್ಲೆಗೆ ಹೋಗಿ," ಎಂದೆ. ಆಕೆ ಆಗಲೇ ಅವ್ವನಿಗೆ ಫೋನ್ ಮಾಡುತ್ತಿದ್ದರು. ಗಂಡ ನನ್ನನ್ನು ಕಾರಿನ ಹಿಂದಕ್ಕೆ ಕರೆದು ಮೆಲ್ಲಗೆ ಹೇಳಿದರು:

"ಮೊದ್ಲು ನಂಗೊಬ್ನಿಗೇ ಯೋಳ್ಬೋದಾಗಿತ್ತು ಕಣಣ್ಣ."